ಮೂರು ಮಡಿಸುವ ಚಾಕು, ಒಂದು ಸೌತೆಕಾಯಿ

ಜನ ಮನೆ ಕಟ್ಟಿಸುವಾಗ ಎಡವುತ್ತಾರೆ, ಸೈಟು ಕೊಳ್ಳುವಾಗ ಮೋಸ ಹೋಗುತ್ತಾರೆ. ನನಗೆ ಮಾತ್ರ ಅಂಗೈಯಗಲದ ಸಾಮಾನು ತರಲು ಹೊರಟಾಗಲೇ ಏನಾದರೂ ಎಡವಟ್ಟಾಗುತ್ತದೆ.

ತೊಂಬತ್ತರ ದಶಕದಲ್ಲಿ ಕೆ.ಆರ್. ಪುರಂ ಕಡೆಯ ಒಂದು ಕಾರ್ಖಾನೆಯಲ್ಲಿದ್ದೆ. ಫೋರ್‌ಮನ್ ಸೇರಿ ನಾವು ನಾಲ್ಕು ಜನ ಪ್ರತಿ ದಸರಾ ರಜೆಗೆ ಯಾವುದಾದರೂ ಬೆಟ್ಟ ಹತ್ತಿ, ಟೆಂಟು ಹಾಕಿ, ಒಂದು ದಿನ ಇದ್ದು ಬರುತ್ತಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಸಾಮಾನಿನ ಜವಾಬ್ದಾರಿ. ನನ್ನ ಮನೆ ಹಲಸೂರಿನಲ್ಲಿ, ಶಿವಾಜಿನಗರ ಹತ್ತಿರ ಎಂದು ಚಾಕು ನನ್ನ ತಲೆಗೆ ಬಿತ್ತು. "ಜೇಬಲ್ಲಿಟ್ಕೊಳ್ಳೋ ಮಡಿಸೋ ಚಾಕು, ಅಷ್ಟೇ ಕಣಯ್ಯ," ಎಂದರು ಫೋರ್‌ಮನ್. ಆ ಅಷ್ಟಕ್ಕೆ ಮೂರು ವರ್ಷ ಹಿಡಿಯಿತು.

೧. ಹದಿನಾಲ್ಕು ಸಲಕರಣೆ

ಶಿವಾಜಿನಗರದ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಬ್ಬ ಚಾಚಾ ಚಾಕು ಕತ್ತರಿ ಮಾರುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಹದಿನಾಲ್ಕು ಸಲಕರಣೆಯ ದಪ್ಪ ಚಾಕು ಕಂಡಿತು. ಬೆಟ್ಟಕ್ಕೆ ಒಯ್ಯಲು ಅದೇ ಬೇಕೆಂದೆ.

"ಮೀನು ತಿಂತೀರಾ ಸಾರ್? ಇದ್ರಲ್ಲಿ ಮೀನಿನ ಪೊರೆ ಹೆರಿಯೋದಿದೆ."

"ಇಲ್ಲ."

"ಬಾಟ್ಲಿ ಬಿರಡೆ ತೆಗೀತೀರಾ?"

"ಅದೂ ಇಲ್ಲ."

"ಮತ್ತೆ ಬೆಟ್ಟದ ಮೇಲೆ ಏನ್ ಕಟ್ ಮಾಡ್ತೀರಿ?"

"ಸೌತೆಕಾಯಿ."

ಚಾಚಾ ನನ್ನನ್ನೇ ನೋಡಿ, ಒಂದೇ ಅಲಗಿನ ಸಣ್ಣ ಚಾಕು ಮುಂದಿಟ್ಟರು. "ಇದು ಸಾಕು. ತೆರೆದ್ರೆ ಲಾಕ್ ಬೀಳುತ್ತೆ, ಬೆರಳಿನ ಮೇಲೆ ಮಡಿಸ್ಕೊಳ್ಳಲ್ಲ." ನಾನು ಕೇಳಲಿಲ್ಲ. ದಪ್ಪನೆಯದನ್ನೇ ತಂದೆ.

ಬೆಟ್ಟದ ಮೇಲೆ ಎಲ್ಲರೂ ಸುತ್ತ ಕೂತು ನೋಡುತ್ತಿದ್ದರು. ನಾನು ಉಗುರು ಹಾಕಿ ಒಂದೊಂದನ್ನೇ ಎಬ್ಬಿಸಿದೆ. ಸ್ಕ್ರೂಡ್ರೈವರ್ ಬಂತು, ಕತ್ತರಿ ಬಂತು, ಗರಗಸ ಬಂತು, ನನ್ನ ಉಗುರೂ ಬಂತು. ಕೊನೆಗೆ ಫೋರ್‌ಮನ್ ಸೌತೆಕಾಯಿಯನ್ನು ಹಾಗೇ ಕಚ್ಚಿ ತಿಂದರು. ಹದಿನಾಲ್ಕರಲ್ಲಿ ಹದಿಮೂರು ಸಲೀಸಾಗಿ ತೆರೆದುಕೊಂಡಿದ್ದವು. ತೆರೆಯದೆ ಉಳಿದದ್ದು ಚಾಕು.

೨. ಅಮ್ಮನ ಪರೀಕ್ಷೆ

ಮರುವರ್ಷ ಚಾಚಾ ಹೇಳಿದ ಚಾಕನ್ನೇ ತಂದು ಅಮ್ಮನಿಗೆ ತೋರಿಸಿದೆ. ಅಮ್ಮ ಹುಟ್ಟಿದಾಗಿನಿಂದ ಈಳಿಗೆಮಣೆಯಲ್ಲೇ ಹೆಚ್ಚಿದವಳು. ಅವಳ ಪ್ರಕಾರ ಅಲಗು ಮರ್ಯಾದೆಯಾಗಿ ಒಂದು ಕಡೆ ಇರಬೇಕು, ತರಕಾರಿ ತಾನಾಗಿ ಅದರ ಹತ್ತಿರ ಬರಬೇಕು. ನೆಲದ ಮೇಲೆ ಕೂತು, ಚಾಕಿನ ಹಿಡಿಯನ್ನು ಕಾಲಡಿ ಒತ್ತಿ, ಅಲಗನ್ನು ಮೇಲೆ ಮಾಡಿ, ಬದನೆಕಾಯಿ ತಳ್ಳಿದಳು. ಲಾಕ್ ಅಲುಗಲಿಲ್ಲ. ಅರ್ಧ ಕೆ.ಜಿ. ಬದನೆಕಾಯಿ ನುಣ್ಣಗೆ ಹೋಳಾಯಿತು.

ಚಾಚಾನ ಮಾತಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ. ಆದರೆ ಆ ಚಾಕು ಮತ್ತೆ ಅಡುಗೆಮನೆ ದಾಟಲಿಲ್ಲ. ಬೆಟ್ಟಕ್ಕೆ ಬರಿಗೈಯಲ್ಲಿ ಹೋದೆ. ಫೋರ್‌ಮನ್ ಖಡಾಖಂಡಿತವಾಗಿ ಹೇಳಿದರು, "ಮುಂದಿನ್ ವರ್ಷ ಚಾಕಿಲ್ದೆ ಬಂದ್ರೆ ನಿನ್ನ ಕರ್ಕೊಂಡು ಹೋಗಲ್ಲ." ವರ್ಷವೆಲ್ಲ ಮಿಷನ್ನಿನ ಸದ್ದಿನಲ್ಲಿ ಕಳೆಯುವವನಿಗೆ ಆ ಒಂದು ದಿನವೇ ಹಬ್ಬ. ನಿಜಕ್ಕೂ ಹೆದರಿದೆ.

ಅಮ್ಮನಿಗೆ ಮಾತ್ರ ಆ ಚಾಕಿನ ಮೇಲೆ ಒಂದೇ ದೂರು. "ಎಲ್ಲಾ ಚೆನ್ನಾಗಿದೆ ಕಣೋ. ಕಾಯಿ ತುರಿಯೋದೆಲ್ಲಿ?"

೩. ಬಸ್ಸಿನಲ್ಲಿ ಅಭ್ಯಾಸ

ಮೂರನೇ ವರ್ಷ ಚಾಚಾ ಹೊಸದೊಂದು ಕೊಟ್ಟರು. "ಹೆಬ್ಬೆಟ್ಟಲ್ಲಿ ತಳ್ಳಿದ್ರೆ ತೆರೆಯುತ್ತೆ. ಒಂದೇ ಕೈ ಸಾಕು. ಸ್ವಲ್ಪ ಪ್ರಾಕ್ಟೀಸ್ ಮಾಡ್ಕೊಳ್ಳಿ."

ಶಿವಾಜಿನಗರದಲ್ಲಿ ಬಸ್ಸು ಹತ್ತಿ, ಕೂತಲ್ಲೇ ಪ್ರಾಕ್ಟೀಸ್ ಶುರು ಮಾಡಿದೆ. ಚಟ್ ಎಂದು ತೆರೆಯುವುದು, ಮಡಿಸುವುದು. ಪಕ್ಕದವರು ಎದ್ದು ಹೋದರು. ಮುಂದಿನ ಸೀಟಿನವರು ಹೋದರು. ಸಂಜೆ ಆರು ಗಂಟೆಯ ಬಸ್ಸಿನಲ್ಲಿ ನನ್ನ ಸುತ್ತ ಇಷ್ಟು ಜಾಗ ಹೇಗಾಯಿತೆಂದು ನನಗೇ ಆಶ್ಚರ್ಯ. ಕಂಡಕ್ಟರ್ ದೂರದಿಂದಲೇ ಬಹಳ ಗೌರವದಿಂದ ಕೇಳಿದ, "ಎಲ್ಲಿ ಇಳೀತೀರ ಅಣ್ಣಾ? ಸ್ಟಾಪೇ ಆಗ್ಬೇಕು ಅಂತೇನಿಲ್ಲ, ಮನೆ ಮುಂದೇನೇ ನಿಲ್ಲಿಸ್ತೀವಿ."

೪. ಆಯುಧಪೂಜೆ

ಹೊರಡುವ ದಿನವೇ ಆಯುಧಪೂಜೆ. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಚಾಕು ಈಳಿಗೆಮಣೆಯ ಪಕ್ಕ, ಹೂ ಮುಡಿದು ಕೂತಿದೆ. ಅರಿಶಿನ, ಕುಂಕುಮ, ಗಂಧ ಧಾರಾಳವಾಗಿ ಮೆತ್ತಿದ್ದಾಳೆ ಅಮ್ಮ.

"ಪೂಜೆಗಿಟ್ಟಿದ್ದು ಇವತ್ತು ಮುಟ್ಟಂಗಿಲ್ಲ. ನಾಳೆ ತಗೋ."

ಅಷ್ಟರಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಫೋರ್‌ಮನ್ ಬಾಗಿಲಿಗೆ ಬಂದರು. ಹಿಂದೆ ಉಳಿದಿಬ್ಬರು. "ಚಾಕೆಲ್ಲಯ್ಯ?" ನಾನು ದೇವರ ಕಡೆ ಕೈ ತೋರಿಸಿದೆ. ಅವರು ಗುಡುಗಲು ಬಾಯಿ ತೆರೆಯುತ್ತಿದ್ದಂತೆ ಅಮ್ಮ, "ಕಾಲ್ ತೊಳ್ಕೊಂಡು ಬನ್ನಿ ಸ್ವಾಮಿ, ಮಂಗಳಾರತಿ ತಗೊಳ್ಳಿ," ಎಂದಳು. ಇಡೀ ಕಾರ್ಖಾನೆ ನಡುಗಿಸುವ ಮನುಷ್ಯ ಕಾಲು ತೊಳೆದುಕೊಂಡು ಬಂದರು.

"ಆ ಚೀಲದಲ್ಲೇನಿದೆ?"

ಅವರು ಹೆಮ್ಮೆಯಿಂದ ತೆಗೆದು ತೋರಿಸಿದರು. ಸುತ್ತಿಗೆ, ಸೀಮೆಎಣ್ಣೆ ಸ್ಟೌ, ಟಾರ್ಚು. ಅಮ್ಮ ಒಂದೊಂದನ್ನೇ ಇಸಿದುಕೊಂಡು, ಕುಂಕುಮವಿಟ್ಟು, ಚಾಕಿನ ಪಕ್ಕ ಜೋಡಿಸಿದಳು. "ನಾಳೆ ಬೆಳಿಗ್ಗೆ ತಗೊಂಡ್ಹೋಗಿ."

ಫೋರ್‌ಮನ್ ನನ್ನ ಕಿವಿಯಲ್ಲಿ ಗೋಗರೆದರು, "ಮನೇಲಿ ಹೆಂಡ್ತಿ ಕಣ್ ತಪ್ಸಿ ತಂದಿದ್ದೆ ಕಣಯ್ಯ. ಟಾರ್ಚ್ ಆದ್ರೂ ಕೊಡ್ಸು." ನಾಲ್ವರೂ ಒಬ್ಬಟ್ಟು ತಿಂದು ಅಲ್ಲೇ ಮಲಗಿದೆವು.

ವಿಜಯದಶಮಿಯ ಬೆಳಿಗ್ಗೆ ಚಾಕಿಗೆ ನಮಸ್ಕರಿಸಿ ಜೇಬಿಗಿಳಿಸಿ ಬೆಟ್ಟ ಹತ್ತಿದೆ. ಸೌತೆಕಾಯಿ ಹೊರಬಂತು. ಒಂದೇ ಕೈಯಲ್ಲಿ, ಹೆಬ್ಬೆಟ್ಟಿನಿಂದ, ಎಲ್ಲರೂ ನೋಡುವ ಹಾಗೆ ತಳ್ಳಿದೆ. ಅಲುಗಲಿಲ್ಲ. ಅಮ್ಮನ ಗಂಧ ಕೀಲಿನೊಳಗೆ ಇಳಿದು ಒಣಗಿ ಕಲ್ಲಾಗಿತ್ತು. ನಾಲ್ಕು ಜನ ಕಾರ್ಖಾನೆ ಕೆಲಸಗಾರರು ಸರದಿಯ ಮೇಲೆ ಎಳೆದರೂ ಬರಲಿಲ್ಲ.

ಫೋರ್‌ಮನ್ ಸೌತೆಕಾಯಿಯನ್ನು ಮೊಣಕಾಲಿಗೆ ಬಡಿದು ಮುರಿದು ಹಂಚಿದರು. ನಿಧಾನವಾಗಿ ಅಗಿಯುತ್ತಾ ಹೇಳಿದರು, "ಮುಂದಿನ್ ವರ್ಷ ನೀನು ಚಾಕು ತರ್ಬೇಡ."

ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಅಮ್ಮನ ಕೈಲಿ ಹೆಚ್ಚಿಸ್ಕೊಂಡು ಡಬ್ಬೀಲಿ ಹಾಕ್ಕೊಂಡು ಬಾ," ಎಂದರು. "ಜೊತೆಗೆ ನಾಲ್ಕು ಒಬ್ಬಟ್ಟು."