ನನ್ನ ತಮ್ಮನ ಬಣ್ಣದ ದಿನ

ನನ್ನ ತಮ್ಮನಿಗೆ ಹುಚ್ಚಿಲ್ಲ ಎಂದು ಯಾರಾದರೂ ಹೇಳಿದರೆ, ಅವರು ಸಿರುಗುಪ್ಪದಲ್ಲಿರುವ ಅವನ ಮನೆ ನೋಡಿಲ್ಲ ಎಂದೇ ಅರ್ಥ! ನಾಲ್ಕು ಗೋಡೆ, ಹನ್ನೊಂದು ಬಣ್ಣ. ಒಳಕಲ್ಲು, ಏಣಿ, ಊದುಗೊಳವೆ, ಯಾವುದನ್ನೂ ಬಿಟ್ಟಿಲ್ಲ. ಅವನೆದುರು ಹೆಂಡತಿ ಒಂದೇ ಕಡೆ ಬಹಳ ಹೊತ್ತು ಕೂಡುವುದಿಲ್ಲ. ಯಾವ ಧೈರ್ಯದ ಮೇಲೆ ಕೂಡುತ್ತಾಳೆ?

ಲಾರಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಅದಿರಿನ ಕಾಲ, ಲಾರಿಗೇನು ಬರ! ಒಮ್ಮೆ ಕುರುಗೋಡಿನ ತಂಗಿಯ ಮನೆಗೆ ಹೋದವನು ಸುಮ್ಮನಿರಲಾರದೆ ಅವಳ ಎಮ್ಮೆಯ ಒಂದು ಕೋಡಿಗೆ ಹಳದಿ, ಇನ್ನೊಂದಕ್ಕೆ ಗುಲಾಬಿ ಬಳಿದ. ಕರು ತಾಯಿಯನ್ನು ನೋಡಿ ಓಟ ಕಿತ್ತಿತು.

"ಹಾಲು ಹೆಂಗ ಹಿಂಡ್ಲೋ ಈಗ?" ಎಂದು ತಂಗಿ ಕೂಗಾಡಿದರೆ ಇವನು, "ಎಮ್ಮಿಗೆ ಆಸಿ ಇರಂಗಿಲ್ಲೇನು?" ಎಂದನಂತೆ.

ನಾನಿರುವುದು ಬಳ್ಳಾರಿಯಲ್ಲಿ, ಅದಿರು ಲಾರಿಗಳ ರಸ್ತೆಗೆ ಅಂಟಿಕೊಂಡು. ಬಿಳಿ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು. ತಮ್ಮ ಬಂದಾಗಲೆಲ್ಲ ಹೊಸ್ತಿಲಲ್ಲೇ ನಿಲ್ಲಿಸಿ, ಟವೆಲ್ಲಿನಿಂದ ತಲೆ ಬಡಿದು ಧೂಳು ಝಾಡಿಸಿಯೇ ಒಳಗೆ ಬಿಡುತ್ತಿದ್ದೆ. ಅವ್ವ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಬಡಿಯುವ ಹಕ್ಕಿದೆ.

ನನ್ನ ಕಸುಬು ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವುದು. ಒಂದು ವರ್ಷ ಹೊಲಿಸಿಕೊಂಡವರಿಂದ ದೂರು ಶುರುವಾಯಿತು.

"ಯವ್ವಾ, ಹಸಿರು ಚೌಕಳಿ ನಡುವ ಕರೀದು ಯಾಕ ಹಾಕೀರಿ?"

"ಧೂಳು ಕುಂತೈತವ್ವ. ಒಗಿ."

ಬಾಯಿ ಮುಚ್ಚಿಸಿದೆ. ಆದರೆ ಇಬ್ಬರು ಹೆಂಗಸರು ಕೌದಿಗೆಂದು ಕೊಟ್ಟಿದ್ದ ಸೀರೆಗಳನ್ನು ವಾಪಸು ಒಯ್ದರು. ಸೂಜಿ ಕೈಬಿಟ್ಟರೆ ನಾನು ಮಾಡುವುದಾದರೂ ಏನು? ಮಗನ ಮನೆಯ ಬಾಗಿಲು ಕಾಯುವುದೇ? ಸೀರೆ ವಾಪಸು ಹೋದದ್ದನ್ನು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ತಮ್ಮ ಡಬ್ಬಿ, ಬ್ರಶ್ಶು ಹಿಡಿದು ಪ್ರತ್ಯಕ್ಷನಾದ.

"ಅಕ್ಕಾ, ಇವತ್ತು ಜಗತ್ತಿಗೆಲ್ಲಾ ಬಣ್ಣದ ದಿನ! ಹಗಲು ರಾತ್ರಿ ಸಮ ಇರೋ ದಿನಾನ ಆರಿಸ್ಯಾರ."

"ಓಕುಳಿ ಈಗಷ್ಟ ಮುಗದೈತಲ್ಲೋ. ಇದ್ಯಾವ ದೇವರದು?"

"ದೇವರಿಲ್ಲ. ಬರೇ ಬಣ್ಣ."

ದೇವರಿಲ್ಲದ ಹಬ್ಬಕ್ಕೆ ಓಣಿಯೇ ನೆರೆಯಿತು! ನನ್ನ ಗೋಡೆಯ ಮೇಲೆ ನಾಲ್ಕು ಬಣ್ಣದ ಪಟ್ಟಿ ಎಳೆದು ಕೇಳಿದ: "ನಿನ್ನ ಬಾಗಿಲಿಗೆ ಯಾವುದು ಹೊಡೀಲಿ?"

"ಆ ತುದೀ ಕರೀದೊಂದು ಬಿಟ್ಟು ಯಾವುದಾರ ಹೊಡಿ."

ಪಕ್ಕದ ಮನೆಯವಳು ಕಿಸಕ್ಕನೆ ನಕ್ಕಳು. ತಮ್ಮ ನಗಲಿಲ್ಲ.

"ಅಕ್ಕಾ, ಅದು ನೀಲಿ."

"ಧೂಳು ಕುಂತೈತಿ. ಒರಸು."

"ಈಗಷ್ಟ ಹಚ್ಚೀನಕ್ಕಾ. ಇನ್ನೂ ಹಸೀ ಐತಿ."

ಒಳಕಲ್ಲನ್ನೂ ಬಿಡದವನು ನನ್ನ ಬಾಗಿಲು ಮುಟ್ಟದೆ ಬ್ರಶ್ಶು ತೊಳೆದ. ಮರುದಿನ ಕಣ್ಣಿನ ಆಸ್ಪತ್ರೆಗೆ ಎಳೆದೊಯ್ದ. ಎರಡೂ ಕಣ್ಣಿಗೆ ಪೊರೆ! ಊರಿನ ಧೂಳನ್ನೆಲ್ಲ ವರ್ಷಗಟ್ಟಲೆ ಬೈದದ್ದು ದಂಡ.

ಡಾಕ್ಟರು ಮೊದಲು ಒಂದು ಕಣ್ಣಿನ ಪೊರೆ ತೆಗೆದರು, ಆಮೇಲೆ ಇನ್ನೊಂದರದು. ಎಲ್ಲ ಮುಗಿದು ತಮ್ಮನ ಜೊತೆ ಮನೆಗೆ ಬಂದೆ. ಮೊದಲು ಕಂಡದ್ದು ಬಾಗಿಲು. ನೀಲಿ! ನಾನು ಆಸ್ಪತ್ರೆಯಲ್ಲಿದ್ದಾಗ ಕೇಳದೆ ಹೊಡೆದಿದ್ದ. ಬೈಯುತ್ತ ಟವೆಲ್ ತಂದೆ, ರೂಢಿಯಂತೆ ಅವನ ತಲೆಗೆ ಬಡಿದೆ. ಮತ್ತೆ ಬಡಿದೆ. ಧೂಳು ಉದುರಲಿಲ್ಲ. ಬಗ್ಗಿ ನೋಡಿದೆ. ಅದು ಧೂಳಾಗಿರಲಿಲ್ಲ.

"ಯಾವಾಗ ಬೆಳ್ಳಗಾತಲೇ ನಿನ್ನ ತಲಿ?"

"ನಾಕೈದು ವರ್ಷ ಆತಕ್ಕಾ. ನೀ ಝಾಡಸಾಕ ಹತ್ತಿದ್ದಿ, ಉದುರಿದ್ರ ಉದುರ್ಲಿ ಅಂತ ಸುಮ್ನಿದ್ದೆ."

ಟವೆಲ್ ಹೆಗಲಿಗೆ ಹಾಕಿಕೊಂಡೆ. ಬರಿಗೈಯಲ್ಲೇ ಅವನ ತಲೆಯನ್ನು ಇನ್ನೊಮ್ಮೆ ಸವರಿ ನೋಡಿದೆ, ಖಾತ್ರಿಗೆ.