ಕಿಟಕಿ ಸೀಟಿನ ಮಹಾಸಮರ

ಎಲೈ ರಸಿಕರಿರಾ! ಬೆರಳ ತುದಿಯಲ್ಲೇ ಭೂಮಂಡಲ ತಿರುಗುವ ಈ ಕಲಿಯುಗದಲ್ಲಿ, ಪೇಢಾಪರಿಮಳಪರಿವೃತವಾದ ಧಾರವಾಡದಲ್ಲಿ, ಉಚಿತವಸ್ತುಸಂಗ್ರಹಧುರಂಧರನೂ ಮೌಸಾರೂಢದಕ್ಷಿಣಹಸ್ತನೂ ಆದ ನಿವೃತ್ತ ಡ್ರಾಯಿಂಗ್ ಮಾಸ್ತರ ಈರಬಸಪ್ಪನು ಕಂಪ್ಯೂಟರಿನೆದುರು ವೀರಾಸನವೇರಿದ ಕಥೆಯನ್ನು ಹೇಳುವೆನು, ಕಿವಿಗೊಡಿ.

ಅವನ ಧರ್ಮಪತ್ನಿ ನಿಂಬೆವ್ವ ಮರುದಿನ ತಂಗಿಯ ಊರಿಗೆ ಹೊರಟವಳು. ಕಿಟಕಿ ಪಕ್ಕ ಕೂರದಿದ್ದರೆ ಆಕೆಗೆ ವಾಂತಿ. ಬಸ್ಸಿನಲ್ಲಿ ಉಳಿದಿದ್ದುದು ಒಂದೇ ಕಿಟಕಿ ಸೀಟು, ಅದನ್ನು ಇಂಟರ್‌ನೆಟ್ಟಿನಲ್ಲೇ ಹಿಡಿಯಬೇಕು.

"ಅಂಜಬ್ಯಾಡ! ಆ ಸೀಟು ಪಾತಾಳದಾಗಿದ್ರೂ ಎಳಕೊಂಡ ಬರ್ತೀನಿ!" ಎಂದು ಗರ್ಜಿಸಿ ಮಾಸ್ತರನು ಗುಂಡಿ ಒತ್ತಿದನು.

ಒತ್ತಿದ್ದೇ ತಡ, ಬ್ರೌಸರೆಂಬ ನಿಮಿಷಾರ್ಧಸಹಸ್ರಯೋಜನಗಾಮಿ ದೂತನು ಬಸ್ ಕಂಪನಿಯ ಸರ್ವರೆಂಬ ದುರ್ಗದ ಬಾಗಿಲಲ್ಲಿ ನಿಂತು, "ಎಲೈ ಸರ್ವರೇಶ್ವರಾ! ನಮ್ಮೊಡೆಯನ ಗುಟ್ಟುಗಳನ್ನು ಒಪ್ಪಿಸುವ ಮುನ್ನ, ನೀನು ವೇಷಧಾರಿ ಕಳ್ಳನಲ್ಲವೆಂಬ ಪ್ರಮಾಣಪತ್ರ ತೋರು!" ಎಂದು ಗುಡುಗಿದನು.

"ನೋಡೆಲವೋ! ಲೋಕವೇ ನಂಬುವ ಸಾಕ್ಷಿಗಾರರ ಮುದ್ರೆಯಿದು!" ಎಂದು ಸರ್ವರೇಶ್ವರನು ಪತ್ರ ಚಾಚಿದನು.

ಹೆಸರು ಸರಿಯಿತ್ತು, ಮುದ್ರೆಯೂ ಸರಿಯಿತ್ತು. ಆದರೆ ದೂತನು ಮನೆಯ ಕಂಪ್ಯೂಟರಿನ ತಾರೀಖು ನೋಡಿ ಹೌಹಾರಿದನು. "ಈ ಪತ್ರ ಜಾರಿಗೆ ಬರುವುದೇ ಮುಂದಿನ ವರ್ಷ! ಇನ್ನೂ ಹುಟ್ಟದ ಪತ್ರ ಹಿಡಿದವನನ್ನು ನಂಬಲೇ? ಛೀ!" ಎಂದು ಮರಳಿ ಬಂದು, ಕೆಂಪು ಎಚ್ಚರಿಕೆ ಹಿಡಿದು ಅಡ್ಡ ನಿಂತನು. ಮಾಸ್ತರನು ಮತ್ತೆ ಒತ್ತಿದನು; ದೂತನು ಮತ್ತೆ ಹೋಗಿ ಮತ್ತೆ ಬೈದು ಬಂದನು.

"ಸೀಟ್ ಬಂತೇನ್ರೀ?"

"ಸರ್ವರ್ ಕಳ್ಳ ಅದಾನಂತ."

ನಿಂಬೆವ್ವ ಕಂಪ್ಯೂಟರಿನ ಮೂಲೆಯ ತಾರೀಖನ್ನು ದಿಟ್ಟಿಸಿದಳು. "ಇದರಾಗ ಹೋದ ವರ್ಷ ಯಾಕ ನಡದೈತ್ರೀ?"

ಮಾಸ್ತರನ ಮೋರೆ ಬಾಡಿತು. ಕಂಪ್ಯೂಟರಿನೊಳಗಿನ ಉಚಿತ ಕೇರಂ ಆಟದ ಗಡುವು ಮುಗಿಯಿತೆಂದು, ಅದನ್ನು ಏಮಾರಿಸಲು ಅಂದು ಬೆಳಗ್ಗೆ ತಾರೀಖನ್ನು ಒಂದು ವರ್ಷ ಹಿಂದಕ್ಕೆಳೆದ ಕಾಲಚಕ್ರವಿಪರೀತಭ್ರಾಮಕನು ಅವನೇ! ಹೆಂಡತಿ ಇಲ್ಲದ ವಾರವಿಡೀ ಕೇರಂ ಆಡುವ ಸಂಕಲ್ಪ ಬೇರೆ. ತಾರೀಖು ಸರಿಮಾಡಿದರೆ ಆಟ ಹೋಗುತ್ತದೆ, ಬಿಟ್ಟರೆ ಸೀಟು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

"ಹೋಗ್ಲಿ ಬಿಡ್ರಿ. ಒಂದು ಪ್ಲಾಸ್ಟಿಕ್ ಚೀಲ ಕೊಡ್ರಿ, ಸಾಕು," ಎಂದಳು ನಿಂಬೆವ್ವ ಮೆಲ್ಲಗೆ.

ಆ ಚೀಲದ ಮಾತಿಗೆ ಮಾಸ್ತರನು ಸೋತನು. ಕಣ್ಣು ಮುಚ್ಚಿ ತಾರೀಖು ಸರಿಮಾಡಿದನು.

ದೂತನು ಮತ್ತೆ ಹಾರಿದನು. ಈಗ ಪತ್ರ ದಿಟವೆನಿಸಿತು. ಅವನೂ ಸರ್ವರೇಶ್ವರನೂ ಕೈಕುಲುಕಿ, ತಮಗಿಬ್ಬರಿಗೇ ತಿಳಿದ ಗುಪ್ತ ಕೀಲಿಯೊಂದನ್ನು ಗೊತ್ತುಮಾಡಿಕೊಂಡು, ದಾರಿಗಳ್ಳರಿಗೆ ತಲೆಬುಡ ತಿಳಿಯದಂತೆ ನಿಂಬೆವ್ವನ ಹೆಸರು, ವಯಸ್ಸುಗಳನ್ನು ಸಂಕೇತಗಳಾಗಿಸಿ ಸಾಗಿಸಿದರು. ವಯಸ್ಸು ಗುಟ್ಟಾಗಿ ಹೋಯಿತೆಂದು ಆಕೆಗೂ ಸಮಾಧಾನವಾಯಿತು.

ಟಿಕೇಟು ಬಂತು! ದಿಗ್ದಿಗಂತಗಳಲ್ಲಿ ದುಂದುಭಿ ಮೊಳಗಬೇಕಿತ್ತು. ಪಕ್ಕದ ಮನೆಯ ಕುಕ್ಕರ್ ಕೂಗಿತು.

"ಕೇರಂ ಹೋತು. ವಾರಪೂರ್ತಿ ನಾ ಏನ ಮಾಡ್ಲಿ?" ಎಂದು ವೀರನು ಕೊರಗಿದನು.

"ಬಾಗಲದ ಪರದೆ ಒಗೀರಿ."

ಮರುದಿನ ಆ ಮಹಾಬಾಹುವು ಬಕೆಟ್ಟಿನೆದುರು ಕುಕ್ಕರುಗಾಲಲ್ಲಿ ಕೂತಿದ್ದಾಗ ಬಸ್ಸಿನಿಂದ ಫೋನು ಬಂತು.

"ವಾಂತಿ ಆಗ್ಲಿಲ್ರೀ. ಪರದೆ ಒಗದ್ರೇನು?"