ಅಮೆರಿಕದ ಗರುಡ, ಅಂಗಳದ ಗಿಡ್ಡಿ

ಇನ್ನೊಬ್ಬರ ಮನೆಯೊಳಗೆ ಇಣುಕಿ ನೋಡುವುದು ಸಭ್ಯರ ಲಕ್ಷಣವಲ್ಲ ಎಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಪಾಂಡವಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾದ್ದರಿಂದ ಹೇಳುವುದೇ ನನ್ನ ಕಸುಬು, ಮಾಡುವುದು ಬೇರೆ ಇಲಾಖೆ. ಈ ಬೇಸಿಗೆ ರಜೆಯನ್ನೆಲ್ಲ ನಾನು ಒಂದು ಸಂಸಾರವನ್ನು ಇಣುಕಿ ನೋಡುವುದರಲ್ಲೇ ಕಳೆದೆ. ಆ ಮನೆಯಲ್ಲಿ ಅಡುಗೆಮನೆ, ಮಲಗುವ ಕೋಣೆ, ಬಾಣಂತಿ ಕೋಣೆ ಎಲ್ಲ ಒಂದೇ. ಗಂಡ ಹೆಂಡಿರು ಒಂದು ಕಡ್ಡಿಯನ್ನು ಎಲ್ಲಿಡಬೇಕೆಂದು ಜಗಳವಾಡಿದ್ದನ್ನು ನೋಡಿದೆ. ಮಕ್ಕಳು ಹಿಂದಕ್ಕೆ ತಿರುಗಿ ಬಾಲವೆತ್ತಿ ಗೋಡೆಯಾಚೆಗೆ ಪಿಚಕಾರಿ ಹಾರಿಸಿದ್ದನ್ನೂ ನೋಡಿದೆ. ಅವರು ಹದ್ದುಗಳಾದ್ದರಿಂದ ಇದಕ್ಕೆ ಪ್ರಕೃತಿ ವೀಕ್ಷಣೆ ಎಂಬ ಗೌರವದ ಹೆಸರಿದೆ. ಮನುಷ್ಯರಾಗಿದ್ದರೆ ಬೇರೆ ಹೆಸರು ಹೇಳಿ ನನ್ನನ್ನು ಠಾಣೆಗೆ ಕರೆದೊಯ್ಯುತ್ತಿದ್ದರು.

ಹದ್ದು ಎಂದರೆ ನಮ್ಮೂರ ಹದ್ದಲ್ಲ. ಅಮೆರಿಕದ ಯಾವುದೋ ದೊಡ್ಡ ಕೆರೆಯ ದಂಡೆಯಲ್ಲಿ, ಆಕಾಶಕ್ಕೆ ಏಣಿ ಹಾಕಿದಂಥ ಮರದ ತುದಿಯಲ್ಲಿ ಗೂಡು ಕಟ್ಟಿರುವ ಬೋಳು ಹದ್ದು. ಆ ಹೆಸರು ಯಾರಿಟ್ಟರೋ, ಅದರ ತಲೆಯ ತುಂಬ ಬೆಳ್ಳನೆಯ ಗರಿ. ಅದನ್ನು ಬೋಳು ಎನ್ನುವುದಾದರೆ ನನ್ನ ತಲೆಗೆ ಹೊಸ ಪದವನ್ನೇ ಹುಡುಕಬೇಕು. ಗೂಡಿನ ಪಕ್ಕದ ಕೊಂಬೆಗೆ ಯಾರೋ ಪುಣ್ಯಾತ್ಮರು ಕ್ಯಾಮೆರಾ ಸಿಗಿಸಿದ್ದಾರೆ. ಮೊಬೈಲ್ ತೆರೆದರೆ ಸಾಕು, ಅಲ್ಲಿ ಆ ಗಳಿಗೆಯಲ್ಲಿ ನಡೆಯುವುದೆಲ್ಲ ಬಾಬುರಾಯನಕೊಪ್ಪಲಿನ ನಮ್ಮ ಜಗಲಿಯಲ್ಲಿ ಕಾಣುತ್ತದೆ. ಪರೀಕ್ಷೆಯ ಪೇಪರು ತಿದ್ದುತ್ತಿದ್ದಾಗ ಸಹೋದ್ಯೋಗಿಯೊಬ್ಬರು ಇದನ್ನು ತೋರಿಸಿ, "ಎರಡೇ ನಿಮಿಷ ನೋಡಿ ಸಾರ್" ಎಂದರು. ಆಗ ಗೂಡಿನಲ್ಲಿದ್ದದ್ದು ಬರೀ ಮೊಟ್ಟೆ. ಹದ್ದು ಮೊಟ್ಟೆಯ ಮೇಲೆ ಕೂತಿತ್ತು, ನಾನೂ ಕೂತೆ. ನಾನು ಏಳುವ ಹೊತ್ತಿಗೆ ಮೂರು ಮರಿಗಳಾಗಿದ್ದವು.

ರಜೆಯಲ್ಲಿ ನನಗೆ ಕೆಲಸವಿರಲಿಲ್ಲವೆಂದಲ್ಲ. ನನ್ನ ಹೆಂಡತಿ ಭಾಗ್ಯ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವವರೆಗೆ ಜಗಲಿಯಲ್ಲಿ ಕೋಲು ಹಿಡಿದು ಕೂತು ಕೋಳಿಮರಿ ಕಾಯುವುದು ನನ್ನ ಪಾಲಿನ ಕೆಲಸ. ಆ ಮರಿಗಳ ತಾಯಿ ಹೇಂಟೆ ಅವಳ ತವರಾದ ನಾಗಮಂಗಲದ ಕಡೆಯಿಂದ ಮಂಕರಿಯಲ್ಲಿ ಕೂತು ಬಂದದ್ದು. ಹಾಗಾಗಿ ಮನೆಯಲ್ಲಿ ಅದಕ್ಕೆ ನನಗಿಂತ ಒಂದು ಕೈ ಹೆಚ್ಚೇ ಮರ್ಯಾದೆ. ಅದರ ಮರಿಗಳಲ್ಲಿ ಒಂದನ್ನು ಹುಟ್ಟಿದ ವಾರದಲ್ಲೇ ಕರು ತುಳಿದು, ಕಾಲು ಸೊಟ್ಟಗಾಗಿ, ಬೆಳವಣಿಗೆ ಕುಂಠಿತವಾಗಿತ್ತು. ತಾಯಿಕೋಳಿ ಕೂಡ ಅದನ್ನು ಕೈಬಿಟ್ಟಾಗ ಭಾಗ್ಯ ಅದಕ್ಕೆ ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಅಂಗೈಯಲ್ಲಿ ನುಚ್ಚು ಹಾಕಿ ಸಾಕಿದಳು. ಅದಕ್ಕೆ ಗಿಡ್ಡಿ ಎಂದು ಹೆಸರು. ಅವಳ ದನಿ ಕೇಳಿದರೆ ಸಾಕು, ಗಿಡ್ಡಿ ಕುಂಟುತ್ತ ಓಡಿಬಂದು ಅವಳ ಪಾದದ ಮೇಲೆ ಹತ್ತಿ ನಿಲ್ಲುತ್ತಿತ್ತು. "ಬಾಕಿಯವು ಎಂಗೋ ಬದಿಕ್ಕತವೆ ಕಣ್ರೀ, ಗಿಡ್ಡಿ ಮ್ಯಾಲೆ ವಸಿ ನಿಗಾ ಮಡಗಿ" ಎಂದು ಹೇಳಿಯೇ ಅವಳು ಹಾಲಿನ ಕ್ಯಾನು ಎತ್ತಿಕೊಳ್ಳುತ್ತಿದ್ದಳು. ನಾನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಬೈಲು ಹಿಡಿದು ಹೂಂಗುಟ್ಟುತ್ತಿದ್ದೆ. ನಮಗೆ ಬೆಳಗಾಗುವ ಹೊತ್ತು ಅಮೆರಿಕದ ಆ ಗೂಡಿನಲ್ಲಿ ಹಿಂದಿನ ದಿನದ ಸಂಜೆ, ಮರಿಗಳಿಗೆ ಊಟದ ಸಮಯ.

ಒಂದು ದಿನ ನಮ್ಮವ್ವ ಕಾಫಿ ಲೋಟ ಹಿಡಿದು ಬಂದು ನನ್ನ ಹೆಗಲ ಮೇಲಿಂದ ಮೊಬೈಲಿನೊಳಕ್ಕೆ ಬಗ್ಗಿ ನೋಡಿದಳು. ತಕ್ಷಣ ಲೋಟ ಕೆಳಗಿಟ್ಟು, ಎರಡೂ ಕೈಯಲ್ಲಿ ಗಲ್ಲ ಗಲ್ಲ ಬಡಿದುಕೊಂಡು, "ಗೋವಿಂದ, ಗೋವಿಂದ! ಗರುಡ ಕಣ್ಲಾ! ಬೆಳ್‌ಬೆಳ್ಗೇನೇ ದರ್ಸನ ಕೊಟ್ಬುಟ್ನಲ್ಲಪ್ಪ!" ಎಂದಳು. ಅವಳ ತಪ್ಪೇನೂ ಇರಲಿಲ್ಲ. ಕಾವೇರಿ ಮೇಲೆ ಹಾರಾಡುವ ನಮ್ಮ ಗರುಡನಿಗೂ ತಲೆ ಬಿಳಿ, ರೆಕ್ಕೆ ಕೆಂಗಂದು. ಆದರೆ ವಿಜ್ಞಾನದ ಮೇಷ್ಟ್ರು ಸುಮ್ಮನಿರಲಾದೀತೇ? ಇದು ಗರುಡವಲ್ಲ, ಬೇರೆ ಜಾತಿ, ಅಲ್ಲದೆ ಗರುಡವೂ ಒಂದು ಪಕ್ಷಿ ಅಷ್ಟೆ, ಕಂಡಾಗಲೆಲ್ಲ ಗಲ್ಲ ಬಡಿದುಕೊಳ್ಳುವುದು ಮೂಢನಂಬಿಕೆ ಎಂದು ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, "ಜಾತಿ ಗೀತಿ ಎಲ್ಲ ಮನುಸ್ರಿಗೆ ಕಣ್ಲಾ, ದೇವ್ರಿಗೆಂತದ್ದು? ವಸಿ ಇತ್ತಗ್ ತಿರುಗ್ಸು, ಕಾಣಾಕಿಲ್ಲ" ಎಂದಳು.

ಅಲ್ಲಿಂದ ನಮ್ಮ ಜಗಲಿ ಸನ್ನಿಧಿಯಾಯಿತು. ಅವ್ವ ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು. ಡೈರಿಗೆ ಹೋಗುವ ಹೆಂಗಸರು ಕ್ಯಾನು ಇಳಿಸಿ, ಗರುಡ ದರ್ಶನ ಮಾಡಿ, ಗಲ್ಲ ಬಡಿದುಕೊಂಡು ಮುಂದೆ ಹೋಗತೊಡಗಿದರು. ಕೆ.ಆರ್. ಪೇಟೆಯಲ್ಲಿರುವ ನನ್ನ ತಂಗಿ ಫೋನು ಮಾಡಿದರೆ ಮೊದಲು ಗೂಡಿನ ಕ್ಷೇಮಸಮಾಚಾರ, ಆಮೇಲೆ ನಮ್ಮದು. ಇಪ್ಪತ್ತು ವರ್ಷ ಪಾಠ ಮಾಡಿದರೂ ಇಷ್ಟು ಗಮನವಿಟ್ಟು ಕೇಳುವ ತರಗತಿ ನನಗೆ ಸಿಕ್ಕಿರಲಿಲ್ಲ. ಗಂಡುಹದ್ದು ಕೂಡ ಸರದಿಯ ಮೇಲೆ ಕಾವು ಕೂರುತ್ತದೆ, ಮೀನು ಹಿಡಿದು ತರುತ್ತದೆ, ಗೂಡು ರಿಪೇರಿ ಮಾಡುತ್ತದೆ ಎಂದು ಉತ್ಸಾಹದಲ್ಲಿ ವಿವರಿಸಿದೆ. ಹೆಂಗಸರೆಲ್ಲ ಹದ್ದನ್ನು ಬಿಟ್ಟು ನನ್ನನ್ನು ನೋಡತೊಡಗಿದಾಗಲೇ ಎಡವಟ್ಟು ಗೊತ್ತಾದದ್ದು. "ಕೊಟ್ಟಿಗೆ ಸೂರು ಹೋದ್ ಮಳೇಲಿ ಸೋರ್ತಿತ್ತು, ಗೆಪ್ತಿ ಅದಾ?" ಎಂದು ಭಾಗ್ಯ ಕೇಳಿದಳು. ಆ ಪಾಠವನ್ನು ನಾನು ಅಲ್ಲಿಗೇ ಮುಗಿಸಿದೆ.

ಈ ಸಂಭ್ರಮದ ನಡುವೆ ಮೂರನೆಯ ಮರಿಯ ಚಿಂತೆ ಹತ್ತಿಕೊಂಡಿತು. ಅದು ಎಲ್ಲಕ್ಕಿಂತ ಕಡೆಗೆ ಹುಟ್ಟಿದ ಪೀಚು. ದೊಡ್ಡವೆರಡೂ ಅದರ ತಲೆ ಕುಕ್ಕಿ ಮೂಲೆಗೆ ತಳ್ಳಿ ಮೀನೆಲ್ಲ ತಿಂದುಬಿಡುತ್ತಿದ್ದವು. ಅವ್ವ ಅದಕ್ಕೆ ಕಿರಿಯಣ್ಣ ಎಂದು ಹೆಸರಿಟ್ಟಳು. ಕಿರಿಯಣ್ಣ ಉಪವಾಸ ಬಿದ್ದ ದಿನ ನನಗೂ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದೂ ಉಂಟು, ಅದಕ್ಕೆ ಈರುಳ್ಳಿಯ ನೆಪ ಹೇಳಿ ತಪ್ಪಿಸಿಕೊಂಡೆ. ಕೊನೆಗೆ ಅವ್ವ, ಗಂಜಾಂನ ನಿಮಿಷಾಂಬೆಗೆ ಅರ್ಚನೆ ಮಾಡಿಸೋಣ, ಬೇಡಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿ ಎಂದಳು. ಇಂಥದ್ದಕ್ಕೆಲ್ಲ ನಾನು ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ, ಸ್ಕೂಟರು ತೆಗೆದೆ.

ದೇವಸ್ಥಾನದಲ್ಲಿ ಅರ್ಚಕರು ಹಣ್ಣುಕಾಯಿ ತಟ್ಟೆ ತೆಗೆದುಕೊಂಡು, "ಯಾರ ಹೆಸರಿಗಮ್ಮ ಅರ್ಚನೆ?" ಎಂದರು.

"ಕಿರಿಯಣ್ಣ ಅಂತ ಸ್ವಾಮಿ."

"ಮೊಮ್ಮಗನಾ? ಏನಾಗಿದೆ ಮಗೂಗೆ?"

"ಅಂಗೇ ಅನ್ಕಳಿ. ದೊಡ್ಡವೆಲ್ಡೂ ಉಣ್ಣಾಕೆ ಬುಡಾಕಿಲ್ಲ ಸ್ವಾಮಿ. ತಲೆ ಮ್ಯಾಲೆ ಕುಕ್ಕಿ ಕುಕ್ಕಿ ಆಕ್ತವೆ. ಎತ್ತವ್ವ ನೋಡ್ಕಂಡು ಸುಮ್ಕೆ ಕೂತಿರ್ತಳೆ."

ಅರ್ಚಕರು ನೊಂದುಕೊಂಡರು. "ಏನು ಕಾಲ ಬಂತಮ್ಮ! ಎಲ್ಲಿರೋದು ಅವರು?"

"ಅಮೇರಿಕದಲ್ಲಿ."

"ಅದಕ್ಕೇ ಮತ್ತೆ" ಎಂದರು ಅರ್ಚಕರು, ಎಲ್ಲ ಅರ್ಥವಾದವರಂತೆ. ನಾನು ಕಂಬದ ಹಿಂದೆ ಸರಿದು ನಿಂತೆ. ನಕ್ಷತ್ರ ಕೇಳಿದರು, ಗೊತ್ತಿರಲಿಲ್ಲ. ಗೋತ್ರ ಕೇಳಿದರು, ಅದೂ ಗೊತ್ತಿರಲಿಲ್ಲ. "ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ ಅಂತ ಹೇಳೋದು ವಾಡಿಕೆ" ಎಂದು ಅವರು ಕಾಶ್ಯಪ ಗೋತ್ರದ ಕಿರಿಯಣ್ಣನ ಹೆಸರಿನಲ್ಲಿ ಕುಂಕುಮಾರ್ಚನೆ ಮಾಡಿದರು. ಗರುಡನ ತಂದೆ ಕಶ್ಯಪ ಮಹರ್ಷಿ ಎಂಬುದು ನನಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ಗೋತ್ರ ತಿಳಿಯದೆ ಕಾಶ್ಯಪ ಎನಿಸಿಕೊಂಡ ಅಷ್ಟೂ ಜನರಲ್ಲಿ ಸರಿಯಾದ ಗೋತ್ರ ಹೇಳಿಸಿಕೊಂಡು ಬಂದವನು ನಮ್ಮ ಕಿರಿಯಣ್ಣನೊಬ್ಬನೇ ಇರಬೇಕು ಎಂದು ಹೆಮ್ಮೆಪಟ್ಟೆ. ಮನೆಗೆ ಬಂದಾಗ ಭಾಗ್ಯ ಗಿಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು ನುಚ್ಚು ತಿನ್ನಿಸುತ್ತಿದ್ದಳು. ಪ್ರಸಾದ ಕಣ್ಣಿಗೊತ್ತಿಕೊಂಡು, "ಕಾಣದಿರೋ ಮರಿಗೆ ಅರ್ಚನೆ ಮಾಡ್ಸುದ್ರಿ. ನಮ್ ಗಿಡ್ಡಿಗೆ?" ಎಂದಳು.

"ಗಿಡ್ಡಿಗೆ ನಾನಿದ್ದೀನಲ್ಲ" ಎಂದೆ.

ಅದಾದ ಮೂರನೆಯ ಬೆಳಿಗ್ಗೆ. ಭಾಗ್ಯ ಡೈರಿಗೆ ಹೋಗಿದ್ದಳು. ಅಂಗಳದಲ್ಲಿ ಹೇಂಟೆ ತಿಪ್ಪೆಯ ಬದಿ ಕೆದಕುತ್ತಿತ್ತು, ಮರಿಗಳು ಅದರ ಸುತ್ತ, ಗಿಡ್ಡಿ ಮಾತ್ರ ಎಲ್ಲರಿಗಿಂತ ಹಿಂದೆ ಬಯಲಲ್ಲಿ. ಅವ್ವ ರಂಗೋಲಿ ಬಿಡಲು ಬಾಗಿಲು ಗುಡಿಸುತ್ತಿದ್ದಳು. ಅಮೆರಿಕದಲ್ಲಿ ತಂದೆಹದ್ದು ಅಂಗೈಯಗಲದ ಮೀನು ತಂದು ಹಾಕಿತು. ದೊಡ್ಡ ಮರಿಗಳು ಹೊಟ್ಟೆ ತುಂಬಿ ತೂಕಡಿಸುತ್ತಿದ್ದವು. ಕಿರಿಯಣ್ಣ ಮೆಲ್ಲಗೆ ಮುಂದೆ ಬಂದ, ತಾಯಿ ಒಂದು ಚೂರು ಕಿತ್ತು ಕೊಟ್ಟಳು, ನುಂಗಿದ. ಇನ್ನೊಂದು ಕೊಟ್ಟಳು, ಅದನ್ನೂ ನುಂಗಿದ. ನಾನು ಕೋಲು ಪಕ್ಕಕ್ಕಿಟ್ಟು, "ತಿನ್ನು ಮಗನೆ, ತಿನ್ನು, ಹೊಟ್ಟೆ ಬಿರಿಯ ತಿನ್ನು!" ಎಂದು ಕೂಗಿದೆ. ಅದೇ ಗಳಿಗೆಯಲ್ಲಿ ಅಂಗಳದ ಮೇಲೆ ನೆರಳೊಂದು ಹಾದುಹೋಯಿತು. ಹೇಂಟೆ ಕಿರುಚಿತು. ಅವ್ವ ತಲೆಯೆತ್ತಿ ನೋಡಿದಳು. ಬಂದದ್ದು ಬರೀ ಹದ್ದಾಗಿದ್ದರೆ ಅವಳು ಪೊರಕೆ ಎಸೆಯುತ್ತಿದ್ದಳು. ಬಂದದ್ದು ಸಾಕ್ಷಾತ್ ಗರುಡ, ಬಿಳೀ ತಲೆ, ಕೆಂಗಂದು ರೆಕ್ಕೆ. ಅವ್ವ ಪೊರಕೆ ಬಿಟ್ಟು, "ಗೋವಿಂದ, ಗೋವಿಂದ" ಎಂದು ಗಲ್ಲ ಬಡಿದುಕೊಂಡಳು. ಅವಳ ಕೈ ಕೆಳಗಿಳಿಯುವಷ್ಟರಲ್ಲಿ ಗರುಡ ಮೇಲೇರಿ ಆಗಿತ್ತು. ಅದರ ಕಾಲಿನಲ್ಲಿ ಗಿಡ್ಡಿಯಿತ್ತು.

ಖಾಲಿ ಕ್ಯಾನು ಹಿಡಿದ ಭಾಗ್ಯ ಬೇಲಿಯ ಹತ್ತಿರ ನಿಂತಿದ್ದಳು. ಅವಳು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು, ನಾನೂ ಎರಡು ಮಾತು ಆಡಬಹುದಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡು, "ನೀವಿದ್ರಲ್ಲ" ಎಂದಳು, ಅಷ್ಟೆ. ನಾಚಿಕೆಯಾದಾಗ ವಿದ್ಯಾವಂತರು ಮಾಡುವುದನ್ನೇ ನಾನೂ ಮಾಡಿದೆ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದೆ. "ಈ ಅವ್ವ ಗಲ್ಲ ಬಡ್ಕೊಳ್ಳೋ ಬದಲು ಒಂದು ಸಲ ಉಶ್ ಅಂದಿದ್ದರೆ ಮರಿ ಉಳೀತಿತ್ತು. ಮೂಢನಂಬಿಕೆಗೆ ಒಂದು ಮಿತಿ ಬೇಡವಾ?" ಎಂದು ರೇಗಿದೆ. ಅವ್ವನ ಕಣ್ಣಲ್ಲೂ ನೀರಿತ್ತು. "ಕೋಲಿದ್ದಿದ್ದು ನನ್ ಕೈಲಲ್ಲ ಕಣ್ಲಾ" ಎಂದಳು.

ಆ ಮಾತು ತಡೆಯಲಾರದೆ ನಾನು ಎರಡು ಕಲ್ಲು ಆರಿಸಿಕೊಂಡು ಗರುಡ ಹೋದ ದಿಕ್ಕಿಗೆ ನಡೆದೆ. ನಾಲೆ ಏರಿಯ ಮೇಲಿನ ಅರಳಿಮರದ ತುದಿಯಲ್ಲಿ ಗೂಡಿತ್ತು. ನಿತ್ಯ ಅದೇ ಮರದ ಕೆಳಗೆ ಸ್ಕೂಟರಿನಲ್ಲಿ ಹೋಗುವ ನಾನು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಕಡ್ಡಿಗಳ ನಡುವೆ ಎರಡು ಪುಟ್ಟ ಕೊಕ್ಕು ಕಂಡವು. ತಾಯಿ ಬಗ್ಗಿ ಬಗ್ಗಿ ಚೂರು ಕೊಡುತ್ತಿತ್ತು. ಏನು ಕೊಡುತ್ತಿದೆ ಎಂದು ನನಗೆ ಗೊತ್ತಿತ್ತು. ಒಂದು ಮರಿ ಮುಂದೆ ನುಗ್ಗುತ್ತಿತ್ತು, ಇನ್ನೊಂದು ಹಿಂದೆಯೇ ಉಳಿದಿತ್ತು. ಹಿಂದಿನದಕ್ಕೆ ಸಿಕ್ಕಿತೋ ಇಲ್ಲವೋ ಎಂದು ಕತ್ತು ನೋಯುವವರೆಗೂ ನಿಂತು ನೋಡಿದೆ. ಕಲ್ಲನ್ನು ಎಲ್ಲಿ ಬಿಟ್ಟೆನೋ ನೆನಪಿಲ್ಲ.

ಅಂದಿನಿಂದ ಮೊಬೈಲು ಭಾಗ್ಯಳ ವಶಕ್ಕೆ ಹೋಯಿತು, ಅವಳು ಹಾಲು ಹಾಕಿ ಬಂದಮೇಲೂ ಕಾಯುವ ಕೆಲಸ ನನ್ನಲ್ಲೇ ಉಳಿಯಿತು. ಇನ್ನೊಂದು ಹೇಂಟೆ ಮರಿ ಮಾಡಿದಾಗ ನನಗೆ ಉದ್ದನೆಯ ಹೊಸ ಕೋಲು ಸಿಕ್ಕಿತು. ಶಾಲೆ ತೆರೆದ ಮೇಲೂ ಭಾನುವಾರಗಳು ನನ್ನವೇ. ಅಂಥದ್ದೊಂದು ಭಾನುವಾರ ಜಗಲಿಯಲ್ಲಿ ಅವ್ವ, ಭಾಗ್ಯ, ನಾಲ್ಕಾರು ಹೆಂಗಸರು ಮೊಬೈಲಿನ ಸುತ್ತ ಗುಂಪುಗೂಡಿದ್ದರು. ಅಣ್ಣಂದಿರು ಮೊದಲೇ ಹಾರಿಹೋಗಿದ್ದರು. ಕಿರಿಯಣ್ಣ ಕೊಂಬೆಯ ತುದಿಗೆ ಬಂದು ರೆಕ್ಕೆ ಬಡಿಯುತ್ತಿದ್ದಾನಂತೆ. ನಾನು ಒಂದು ಹೆಜ್ಜೆ ಜಗಲಿಯತ್ತ ಇಟ್ಟೆ. "ನೀವು ಮ್ಯಾಲೆ ನೋಡ್ಕಳಿ!" ಎಂದಳು ಭಾಗ್ಯ, ಮೊಬೈಲಿನಿಂದ ಕಣ್ಣು ತೆಗೆಯದೆ. ನಾನು ಮೇಲೆ ನೋಡಿದೆ. ಹಿಂದಿನಿಂದ, "ಆರ್ಬುಟ್ಟ! ಕಿರಿಯಣ್ಣ ಆರ್ಬುಟ್ಟ!" ಎಂದು ಕೂಗು, ಚಪ್ಪಾಳೆ, ಅವ್ವನ ಗೋವಿಂದ ಕೇಳಿಸಿದವು. ಮೊಟ್ಟೆಯ ಕಾಲದಿಂದ ಕಾದು ಕೂತವನಿಗೆ ಹಾರಿದ್ದನ್ನು ನೋಡುವ ಯೋಗವಿರಲಿಲ್ಲ.

ಅಷ್ಟರಲ್ಲಿ ನನ್ನ ಕಣ್ಣೆದುರಿನ ಆಕಾಶದಲ್ಲಿ, ನಾಲೆಯ ಕಡೆಯಿಂದ, ಬಿಳೀ ತಲೆಯ ಗರುಡ ಸುತ್ತು ಹಾಕುತ್ತ ಇಳಿಯಿತು. ನಾನು ಸಿದ್ಧನಾಗಿಯೇ ಇದ್ದೆ. ಉಶ್ ಎನ್ನಬೇಕು, ಕೋಲು ಬೀಸಬೇಕು, ಎಲ್ಲ ಬಾಯಿಪಾಠವಾಗಿತ್ತು. ನೆರಳು ಅಂಗಳದ ಮೇಲೆ ಹಾದಾಗ ಹೇಂಟೆ ನನ್ನತ್ತ ಒಂದು ಸಲ ನೋಡಿ, ಯಾಕೋ ಭರವಸೆ ಬಾರದೆ, ಮರಿಗಳನ್ನೆಲ್ಲ ತಾನೇ ಬೇಲಿಯ ಬುಡಕ್ಕೆ ನುಗ್ಗಿಸಿಕೊಂಡು ರೆಕ್ಕೆಯೊಳಗೆ ಎಳೆದುಕೊಂಡಿತು. ಗರುಡ ಬರಿಗೈಯಲ್ಲಿ ಹಿಂದಿರುಗಿತು. ಆಗ ನೋಡಿಕೊಂಡರೆ ಕೋಲು ನೆಲದ ಮೇಲೆ ಬಿದ್ದಿತ್ತು, ನನ್ನ ಎರಡೂ ಕೈಗಳು ಗಲ್ಲದ ಮೇಲಿದ್ದವು.